ಹದಿನಾಲ್ಕು ಎಳೆಯ ಕಾರು

ಯಲಹಂಕ ದಾಟಿದ ಮೇಲೆ ದೊಡ್ಡಬಳ್ಳಾಪುರ ಮುಟ್ಟುವವರೆಗೂ ಕಾರು ಊಳಿಟ್ಟಿತ್ತು. ಆ ಸದ್ದು ಅರುಣಾಳ ಕಿವಿ ಬಿಟ್ಟು ಹೋಗಲೊಲ್ಲದು. ಊಟಕ್ಕೆ ಕೂತರೆ ಊಳು, ಹತ್ತು ತಿಂಗಳ ಅಭಿಗೆ ಜೋಗುಳ ಹಾಡಿದರೆ ಹಿಮ್ಮೇಳಕ್ಕೂ ಊಳು!

ಕಾರು ತಮ್ಮದಾಗಿದ್ದರೆ ಹೇಗೋ ಆಗುತ್ತಿತ್ತು. ಅದು ಅವಳ ಅಪ್ಪ ವೆಂಕಟರಮಣಪ್ಪನವರದು. ಎಡಮಂಡಿ ಸವೆದು ಕ್ಲಚ್ ತುಳಿಯಲಾಗದ ಅವರು, ತಾನಾಗಿಯೇ ಗೇರು ಬದಲಿಸಿಕೊಳ್ಳುವ, ಹಿಂದಕ್ಕೆ ತೆಗೆದರೆ ಕಿಣಿಕಿಣಿ ಹಾಡುವ ವಿದೇಶಿ ಕಾರನ್ನು ಹುಡುಕಿ ಕೊಂಡಿದ್ದರು. ಶನಿವಾರ ತವರಿನಿಂದ ಹೊರಡುವಾಗ, ಬಸ್ಸಿನ ಧೂಳು ಮಗುವಿಗೆ ತಾಗೀತು ಎಂದು ಮಗಳು ಕಂಗಾಲಾದಾಗ ಅದನ್ನೇ ಕೊಟ್ಟು ಕಳಿಸಿದ್ದರು.

"ಸೋಮವಾರ ಬೆಳಿಗ್ಗೆ ಮಂಡಿ ಡಾಕ್ಟ್ರ ಹತ್ರ ಹೋಗ್ಬೇಕಮ್ಮ, ಅಷ್ಟರಲ್ಲಿ ತಲುಪಿಸಿ. ಏನೇ ಆದ್ರೂ ನಂಗೊಂದು ಫೋನ್ ಮಾಡು. ಅಳಿಯಂದ್ರ ಕೈಗೆ ಸ್ಪ್ಯಾನರ್ ಮಾತ್ರ ಕೊಡ್ಬೇಡ!"

ಅಳಿಯ ವೇಣುಗೋಪಾಲ್ ಹೋದ ದೀಪಾವಳಿಗೆ ರಿಪೇರಿ ಮಾಡಿಕೊಟ್ಟ ಮಿಕ್ಸಿ ಇನ್ನೂ ಅವರ ಅಟ್ಟದ ಮೇಲಿತ್ತು.

ಭಾನುವಾರ ಬೆಳಿಗ್ಗೆ ಅರುಣಾ ಕೇಳಿದಳು, "ಅಪ್ಪಂಗೆ ಫೋನ್ ಮಾಡ್ಲಾ ರೀ?"

"ಮಾಡು ಮಾಡು! ಮಿಕ್ಸಿ ಪುರಾಣ ಇನ್ನೊಂದ್ಸಲ ಕೇಳ್ತೀನಿ. ಎಂಟು ಪವರ್‌ಲೂಮ್ ಬಿಚ್ಚಿ ಕಟ್ಟೋನು ಕಣೇ ನಾನು. ಈ ಡಬ್ಬಿ ಯಾವ ಲೆಕ್ಕ? ಪುಸ್ತಕ ಓದ್ಹೇಳು, ಸಾಕು."

ಅಭಿ ಒಂದು ಸಲ ಸೀನಿದರೆ ಶಿಶುಪಾಲನೆಯ ಪುಸ್ತಕದಲ್ಲಿ ನೇರವಾಗಿ ನ್ಯುಮೋನಿಯಾದ ಪುಟ ತೆರೆಯುವವಳು ಅರುಣಾ. ಕಾರಿನ ಪುಸ್ತಕವನ್ನೂ ಹಾಗೆಯೇ ಹಿಂದಿನಿಂದ ತೆರೆದಳು. ಅವಳ ಕಾನ್ವೆಂಟ್ ಇಂಗ್ಲಿಷಿಗೆ ಮದುವೆಯಾದ ಮೇಲೆ ಸಿಕ್ಕ ಮೊದಲ ವೇದಿಕೆ! ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟಳು: "ಕೊನೇ ಗೇರಿಗೆ ಹೋಗದೆ ಕೂಗ್ತಿದ್ರೆ ಸೊಲೆನಾಯ್ಡ್ ಕೆಟ್ಟಿರಬಹುದಂತೆ."

"ಹಂಗಂದ್ರೆ ಏನವ್ವಾ?" ಎಂದರು ಅತ್ತೆ ಬನಶಂಕರಮ್ಮ.

"ಕರೆಂಟ್ ಬಂದಾಗ ಎಣ್ಣೆಗೆ ದಾರಿ ಬಿಡೋ ಸುರುಳಿ, ಅತ್ತೆ. ಅದು ದಾರಿ ಬಿಟ್ರೇನೇ ಗೇರು ಬದಲಾಗೋದು."

"ಯಾರು ಹೇಳಿದ್ರೂ ದಾರಿಗೆ ಬರದೇ ಇರೋನು ನನ್ ಮಗ ಒಬ್ನೇ ಅನ್ಕೊಂಡಿದ್ದೆ!"

ಮಗ ಆಗಲೇ ಕಾರಿನ ಕೆಳಗೆ ನುಸುಳಿದ್ದ. ಕೆಂಪು ಎಣ್ಣೆ ಧಾರೆಧಾರೆಯಾಗಿ ಇಳಿಯಿತು.

"ಅಯ್ಯೋ, ಅದು ಮಗು ಸ್ನಾನದ ಟಬ್ಬು ರೀ!"

"ಮಗೂಗೆ ನಾಳೆ ಸ್ನಾನ. ಇವತ್ತು ನಿಮ್ಮಪ್ಪನ ಕಾರಿಂದು!"

ಹೊರಬಂದ ಸೊಲೆನಾಯ್ಡುಗಳು ಫಳಫಳ ಹೊಳೆಯುತ್ತಿದ್ದವು. ಆದರೂ ಅವಕ್ಕೆ ಸೀಮೆಎಣ್ಣೆಯ ಅಭ್ಯಂಜನವಾಯಿತು. ಎಣ್ಣೆಯನ್ನು ಹಳೇ ರೇಷ್ಮೆ ಸೀರೆಯ ತುಂಡಿನಲ್ಲಿ ಸೋಸಿ ಮತ್ತೆ ತುಂಬಿದ್ದಾಯಿತು. ಉಳಿದದ್ದು ವೈರು. ಸಾಕೆಟ್ ಬಿಚ್ಚಿಕೊಳ್ಳದ ಸಿಟ್ಟಿಗೆ ವೇಣುಗೋಪಾಲ್ ಮಗ್ಗದ ಕತ್ತರಿಯಿಂದ ಗೇರುಪೆಟ್ಟಿಗೆಯ, ಆ ಕಿಣಿಕಿಣಿ ಹಾಡಿನದೂ ಸೇರಿ, ಹದಿನಾಲ್ಕು ವೈರುಗಳನ್ನೂ ಕಚಕ್ಕನೆ ಕತ್ತರಿಸಿದ್ದ!

"ಬಣ್ಣ ನೋಡ್ಕೊಂಡು ಸೇರ್ಸಿ ರೀ."

"ಬಣ್ಣ ಎಲ್ಲಿದೆ? ಎಣ್ಣೆ ಕುಡ್ದು ಎಲ್ಲಾ ಕರ್ರಗಾಗಿವೆ. ಮಗ್ಗದಲ್ಲಿ ಹಳೇ ಹಾಸುನೂಲಿಗೆ ಹೊಸ ಹಾಸುನೂಲು ಕೂಡಿಸುವಾಗ ಏನ್ಮಾಡ್ತೀವಿ? ಎಡಗಡೆಯಿಂದ ಸಾಲಾಗಿ, ಎಳೆಗೆ ಎಳೆ ಗಂಟು. ನಾಲ್ಕು ಸಾವಿರ ಎಳೆ ಕೂಡಿಸೋನಿಗೆ ಹದಿನಾಲ್ಕು ಕಷ್ಟಾನಾ?"

ಕಷ್ಟವೇನಿರಲಿಲ್ಲ. ಮಗ್ಗದ ಮುಂದೆ ಕೂತವನಿಗೆ ಎಡ ಯಾವತ್ತೂ ಎಡವೇ. ಆದರೆ ಇಲ್ಲಿ ಮೇಲಿನ ತುದಿಗಳನ್ನು ಕೂತು ಎಣಿಸಿದ್ದ, ಕೆಳಗಿನವನ್ನು ಅಂಗಾತ ಮಲಗಿ. ಕೂತವನ ಎಡ ಮಲಗಿದವನಿಗೆ ಬಲವಾಗಿತ್ತು. ಮೊದಲನೇ ಎಳೆ ಹೋಗಿ ಹದಿನಾಲ್ಕನೆಯದರ ಕೈ ಹಿಡಿದಿತ್ತು!

ಪರೀಕ್ಷೆಗೆಂದು ಕಾರು ಬೀದಿಗಿಳಿಯಿತು. ವೇಣುಗೋಪಾಲ್ ಮುಂದಕ್ಕೆ ಹೋಗುವ ಗೇರು ಹಾಕಿದ್ದೇ ತಡ, ಹಿಂದಿನಿಂದ ಕಿಣಿಕಿಣಿ ಹಾಡು ಶುರು!

"ಹಿಂದಕ್ಕೆ ಬರ್ತೈತೆ, ಸರ್ಕೊಳ್ರೋ!" ಎಂದು ಕಾರಿನ ಹಿಂದಿದ್ದ ಗಂಗಣ್ಣ ನೂಲಿನ ಗಂಟಿನ ಸಮೇತ ಸೈಕಲ್ ಬಿಟ್ಟು ಚರಂಡಿಗೆ ಹಾರಿದ. ಮುಂದೆ ನಲ್ಲಿಗೆ ಬಿಂದಿಗೆ ಸಾಲಿಟ್ಟವರು ನಿಶ್ಚಿಂತೆಯಿಂದ ಹರಟೆ ಮುಂದುವರಿಸಿದರು. ಕಾರು ಗಕ್ಕೆಂದು ಜಿಗಿದು ಅಮ್ಮಯಮ್ಮನ ಹಿತ್ತಾಳೆ ಬಿಂದಿಗೆಯನ್ನು ತಟ್ಟೆ ಮಾಡಿತು!

"ಏನಪ್ಪಾ ವೇಣು, ಹಿಂದಕ್ಕೆ ಹೋಗೋ ಹಾಡು ಹಾಕ್ಕೊಂಡು ಮುಂದಕ್ಕೆ ಬರ್ತೀಯಲ್ಲಾ!" ಎಂದಳು ಅಮ್ಮಯಮ್ಮ.

ಅರುಣಾ ಮುಂದಿನದನ್ನು ನೋಡಲು ನಿಲ್ಲಲಿಲ್ಲ. ಅಭಿಯನ್ನು ಸೊಂಟಕ್ಕೇರಿಸಿಕೊಂಡು ಒಳಗೋಡಿ, ನಿನ್ನೆಯೇ ತಿರುಗಿಸಬೇಕಿದ್ದ ನಂಬರನ್ನು ಕೊನೆಗೂ ತಿರುಗಿಸಿದಳು. ಎಲ್ಲಿಂದ ಶುರುಮಾಡುವುದು? ಊಳಿನಿಂದಲೇ ಶುರುಮಾಡಿದಳು.

"ಅಷ್ಟೇ ತಾನೇ?" ಅಪ್ಪ ನಕ್ಕರು. "ಅಭಿ ಮುಂದಿನ ಸೀಟಲ್ಲಿದ್ನಾ?"

"ನನ್ ತೊಡೆ ಮೇಲಿದ್ದ."

"ಗೇರ್ ಹಿಡಿ ಪಕ್ಕದಲ್ಲೊಂದು ಗುಂಡಿ ಇದೆ, ಒತ್ಬಿಟ್ಟಿದಾನೆ ಕಳ್ಳ. ಅದನ್ನ ಒತ್ತಿದ್ರೆ ಕೊನೇ ಗೇರಿಗೆ ಹೋಗಲ್ಲ. ಇನ್ನೊಂದ್ಸಲ ಒತ್ತು, ಸರಿಹೋಗುತ್ತೆ. ಪುಸ್ತಕದ ಮೊದಲನೇ ಪುಟದಲ್ಲೇ ಇದೆಯಲ್ಲಮ್ಮ! ಸದ್ಯ, ಯಾರೂ ಏನೂ ಬಿಚ್ಚಿಲ್ಲ ತಾನೇ?"

ಬೀದಿಯಿಂದ ಕಿಣಿಕಿಣಿ ಹತ್ತಿರವಾಗುತ್ತಿತ್ತು.

"ಹಾಡು ಕೇಳಿಸ್ತಿದೆಯಲ್ಲಾ," ಅಪ್ಪನ ದನಿಯಲ್ಲಿ ಅಕ್ಕರೆ. "ಅಳಿಯಂದ್ರು ಹಿಂದಕ್ಕೆ ತೆಗೀತಿದ್ದಾರಾ?"

ಅವಳು ಕಿಟಕಿಯಿಂದ ಇಣುಕಿದಳು.

"ಇಲ್ಲಪ್ಪಾ... ಮುಂದಕ್ಕೆ ಬರ್ತಿದ್ದಾರೆ."