ಬೋಳ್ಯಾನ ಮುಂದೆ ಸುಳ್ಳೇ ಸೋತದ್ದು

ಹಾನಗಲ್ಲಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನಾನು ನಲವತ್ತಾರರ ವಯಸ್ಸಿನಲ್ಲೂ ವೀಡಿಯೋ ಗೇಮ್ ಆಡುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹಲ್ಲು ಬಿದ್ದವರು ಇಸ್ಪೀಟು ಆಡುವುದಿಲ್ಲವೇ? ನನಗೆ ನಾಚಿಕೆಯಾಗುವುದು ಬೇರೆ ವಿಷಯಕ್ಕೆ, ಅಂದರೆ ಆಡುವುದು ಒಂದೇ ಆಟ ಎಂಬುದಕ್ಕೆ. ತರಗತಿಯಲ್ಲಿ ನಿಂತು ‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂದು ಗಂಟಲು ಹರಿದುಕೊಳ್ಳುವ ನಾನು ಇಪ್ಪತ್ತೈದು ವರ್ಷಗಳಿಂದ ಒಂದೇ ಹೊಡೆದಾಟದ ಆಟದ ಒಂದನೇ ಭಾಗ, ಎರಡನೇ ಭಾಗ ಎಂದು ಆಡುತ್ತ ಆಡುತ್ತ ಈಗ ಆರನೇ ಭಾಗಕ್ಕೆ ಬಂದಿದ್ದೇನೆ. ಅದರ ಹೆಸರು ಯಾವುದೋ ಪರದೇಶದ್ದು, ನನ್ನ ನಾಲಿಗೆಗೆ ಇನ್ನೂ ಹೊರಳಿಲ್ಲ. ಅದರಲ್ಲೊಬ್ಬ ಬೋಳುತಲೆಯ ಪೈಲ್ವಾನನಿರುವುದರಿಂದ ನಮ್ಮ ಪಾಲಿಗೆ ಅದು ಬೋಳ್ಯಾನ ಆಟ. ಆರನೇ ಭಾಗ ತಂದ ದಿನ ನನ್ನ ಹೆಂಡತಿ, “ಇದರಾಗ ಹೊಸಾದೇನೈತ್ರಿ?” ಎಂದು ಕೇಳಿದಳು. ನಾನು ಬಹಳ ಹೊತ್ತು ಹುಡುಕಿ, “ಬೋಳ್ಯಾನ ಚಡ್ಡಿ ಬಣ್ಣ ಬ್ಯಾರೆ ಆಗೈತಿ ನೋಡು,” ಎಂದೆ. ಆಕೆ ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಹೊಡೆದಾಟದ ಆಟಗಳು ಇಷ್ಟವೇ ಎಂದು ಯಾರಾದರೂ ಕೇಳಿದರೆ ಇಲ್ಲವೆಂದೇ ಹೇಳಬೇಕು. ಆ ಜಾತಿಯ ಆಟಗಳು ನೂರಾರಿವೆಯಂತೆ, ಒಂದನ್ನೂ ಕಣ್ಣೆತ್ತಿ ನೋಡಿದವನಲ್ಲ. ಆದರೆ ಯೋಚಿಸಿ ನೋಡಿದರೆ ಜಾತಿಯನ್ನು ಹಿಡಿದು ಪ್ರೀತಿ ಮಾಡುವವರು ಯಾರಿದ್ದಾರೆ? ಚಿಕ್ಕೇರೂರಿನ ನನ್ನ ಮಾವನವರಿಗೆ ಸವಣೂರಿನ ಕುರುಕಲು ಖಾರ ಎಂದರೆ ಪ್ರಾಣ. ಒಮ್ಮೆ ಅವರು ಹೇಳಿದ ಅಂಗಡಿ ಮುಚ್ಚಿತ್ತೆಂದು ಪಕ್ಕದ ಅಂಗಡಿಯದನ್ನು ಒಯ್ದು ಕೊಟ್ಟೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, “ಇದು ಖಾರ ಅಲ್ಲಪಾ, ಖಾರದಂಥಾದು,” ಎಂದು ಪೊಟ್ಟಣ ನನ್ನ ಕಡೆಗೇ ಸರಿಸಿದರು. ಇನ್ನು ನಾವೆಲ್ಲ ನಮ್ಮ ನಮ್ಮ ಸೋದರಮಾವನನ್ನು ಪ್ರೀತಿಸುತ್ತೇವೆಯೇ ಹೊರತು ಊರಿನಲ್ಲಿರುವ ಅಷ್ಟೂ ಜನರ ಸೋದರಮಾವಂದಿರನ್ನಲ್ಲ. ಆಟದ ವಿಷಯವೂ ಅಷ್ಟೇ ಎಂದುಕೊಂಡು ನೆಮ್ಮದಿಯಾಗಿದ್ದೆ. ಅದು ಅಷ್ಟೇ ಅಲ್ಲ ಎಂದು ದಾದಾಪೀರನಿಂದ ತಿಳಿಯಿತು.

ದಾದಾಪೀರ ಸವಣೂರಿನ ದರ್ಜಿ, ನನ್ನ ಗೆಳೆಯ. ನಾನು ಶಿಗ್ಗಾವಿಯಲ್ಲಿ ಕೋಣೆ ಮಾಡಿಕೊಂಡು ಓದುತ್ತಿದ್ದಾಗ ಅವನು ಅಲ್ಲೇ ತನ್ನ ಕಾಕಾನ ಅಂಗಡಿಯಲ್ಲಿ ಹೊಲಿಗೆ ಕಲಿಯುತ್ತಿದ್ದ. ಅಂಗಡಿಯ ಹಿಂದೆ ಒಂದು ಗೇಮಿನ ಕೋಣೆ, ಅದರಲ್ಲಿ ಒಂದು ಟಿ.ವಿ., ಎರಡು ರಿಮೋಟು. ಮೊದಲ ದಿನವೇ ಅವನು ಆ ಬೋಳುತಲೆಯ ಪೈಲ್ವಾನನನ್ನು ಆರಿಸಿಕೊಂಡ. ನಾನು ಅವಸರದಲ್ಲಿ ಯಾವುದೋ ಗುಂಡಿ ಒತ್ತಿದೆ, ಮೊಣಕಾಲುದ್ದ ಜಡೆಯ ಹೆಣ್ಣುಮಗಳು ಬಂದು ನಿಂತಳು. ಆಕೆಗೆ ಜಡಿಯವ್ವ ಎಂದು ಹೆಸರಿಟ್ಟವನೂ ಅವನೇ. ಅಂದಿನಿಂದ ಇಂದಿನವರೆಗೆ ಅವನು ಬೋಳ್ಯಾ, ನಾನು ಜಡಿಯವ್ವ. ಬೋಳ್ಯಾನ ಹತ್ತಿರ ಕುಸ್ತಿಯ ಒಂದು ಪಟ್ಟು ಇದೆ. ಬಲಗೈ ಹೆಬ್ಬೆರಳಿನಿಂದ ಮೂರು ಗುಂಡಿಗಳನ್ನು ಕಣ್ಣು ಮಿಟುಕಿಸುವುದರೊಳಗೆ ಸಾಲಾಗಿ ಒತ್ತಿದರೆ ಎದುರಾಳಿಯನ್ನು ತಲೆಯ ಮೇಲೆತ್ತಿ ಒಗೆಯುತ್ತಾನೆ. ಜಡಿಯವ್ವನನ್ನು ಅವನು ಹೀಗೆ ಎಷ್ಟು ಸಲ ಒಗೆದಿದ್ದಾನೋ ಆ ದೇವರಿಗೇ ಗೊತ್ತು. ಇಬ್ಬರಿಗೂ ಮದುವೆಯಾಗಿ ಊರು ಬೇರೆಯಾದರೂ ತಿಂಗಳಿಗೊಂದು ಭಾನುವಾರ ನಾನು ಸವಣೂರಿಗೆ ಹೋಗುವುದು, ಸೋಲುವುದು, ಊಟ ಮಾಡಿಕೊಂಡು ಬರುವುದು ತಪ್ಪಲಿಲ್ಲ. ನಮ್ಮಿಬ್ಬರ ತಲೆ ಬೆಳ್ಳಗಾಯಿತು, ಬೋಳ್ಯಾನಿಗೆ ಆ ತಾಪತ್ರಯವೂ ಇರಲಿಲ್ಲ.

ಹೋದ ವರ್ಷ ದಾದಾಪೀರನಿಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಮಾತು ಮರಳಿತು, ಕಾಲೂ ಅಷ್ಟಿಷ್ಟು ಬಂತು. ಬಲಗೈ ಬರಲಿಲ್ಲ. ದರ್ಜಿಗೆ ಬಲಗೈ ಇಲ್ಲವೆಂದರೆ ಏನು ಉಳಿಯಿತು ಹೇಳಿ? ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ, ಬೆರಳುಗಳಿಗೆ ದಿನಾ ಕೆಲಸ ಕೊಟ್ಟರೆ ಬಂದರೂ ಬರಬಹುದು ಎಂದು ಹೇಳಿ, ಒಂದು ಬಟ್ಟಲಿನ ಕಡಲೆಯನ್ನು ಒಂದೊಂದಾಗಿ ಇನ್ನೊಂದು ಬಟ್ಟಲಿಗೆ ಹಾಕಲು ತಿಳಿಸಿದ್ದರು. ನಾನು ಹೋದಾಗ ಬಟ್ಟಲು ಮೂಲೆಯಲ್ಲಿತ್ತು. “ಕಡ್ಲಿ ಆರಿಸಾಕ ನಾನೇನು ಕ್ವಾಳೀ ಏನೋ?” ಎಂದ. ಅವನ ಹೆಂಡತಿ ಶಾಹಿದಾ ವೈನಿ ಬಾಗಿಲಿನ ತನಕ ಬಂದು, “ನೀವರ ಏನರ ಹೇಳ್ರಿ ಮಾಸ್ತರ. ಕತ್ರಿ ನೋಡಿದ್ರ ಸಾಕು, ಮಾರಿ ತಿರುವ್ತಾರ,” ಎಂದು ಕಣ್ಣೊರೆಸಿಕೊಂಡರು.

ಬೆರಳಿಗೆ ಕೆಲಸ ತಾನೇ ಬೇಕು, ಆಟ ಆಡಿಸಿದರಾಯಿತು ಎಂದು ನನಗೆ ಹೊಳೆಯಿತು. ಆದರೆ ಬೋಳ್ಯಾನ ಆಟ ಬೇಡ, ಹಳೆಯ ಗೆಲುವುಗಳೆಲ್ಲ ನೆನಪಾಗಿ ಸಂಕಟಪಟ್ಟಾನು ಎಂದು ಬಹಳ ಬುದ್ಧಿವಂತಿಕೆಯಿಂದ ಯೋಚಿಸಿದೆ. ಹುಬ್ಬಳ್ಳಿಯ ಅಂಗಡಿಯವನು, “ಇದೂ ಹೊಡದಾಡೂದ ಐತ್ರಿ ಸರ್, ಅದಕ್ಕಿಂತ ಸಸಾರ,” ಎಂದು ಬೇರೊಂದು ಆಟ ಕೊಟ್ಟ. ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗಬಾರದಲ್ಲ, ಈ ಸಲ ಬಾಳೆಹಣ್ಣಿನ ಬದಲು ಅದನ್ನೇ ಒಯ್ದೆ. ದಾದಾಪೀರ ಪರದೆಯ ಮೇಲಿನ ಹತ್ತಿಪ್ಪತ್ತು ಮುಖಗಳನ್ನು ಒಂದೊಂದಾಗಿ ನೋಡಿದ.

“ಯಾರೋ ಇವ್ರು?”

“ಯಾರರ ಆಗವಲ್ರ್ಯಾಕ, ಹೊಡದಾಡಾಕ ಬಂದಾರ. ಒಬ್ಬಾಂವನ್ನ ಆರಿಸ್ಕೋ.”

“ಹೊಡದಾಡಾಕರ ಗುರುತು ಪರಿಚಯ ಬ್ಯಾಡೇನೋ ಮಾಸ್ತರ? ತಗಿ ಅತ್ಲಾಗ. ನಮ್ಮ ಬೋಳ್ಯಾನ್ನ ಹಚ್ಚು.”

ಹಚ್ಚಿದೆ. ಅವನ ಮನೆಯಲ್ಲೂ ಆರನೇ ಭಾಗವೇ ಇತ್ತು, ಬೋಳ್ಯಾ ಹೊಸ ಚಡ್ಡಿಯಲ್ಲಿ ಬಂದು ನಿಂತ. ದಾದಾಪೀರ ಎಡಗೈಯಿಂದ ಬಲಗೈಯನ್ನು ಎತ್ತಿ ರಿಮೋಟಿನ ಮೇಲೆ ಇಟ್ಟುಕೊಂಡ. ಹೆಬ್ಬೆರಳು ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಜಡಿಯವ್ವ ನಾಲ್ಕು ಒದೆ ಒದ್ದಿರುತ್ತಿದ್ದಳು. ಅವನ ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತು. ನನಗೆ ನೋಡಲಾಗಲಿಲ್ಲ. ಜಡಿಯವ್ವನನ್ನು ಸುಮ್ಮನೆ ನಿಲ್ಲಿಸಿಬಿಟ್ಟೆ. ಬೋಳ್ಯಾ ನಿಧಾನವಾಗಿ ಬಂದ, ಎತ್ತಿದ, ಒಗೆದ. ವೈನಿ ಅಡುಗೆಮನೆಯಿಂದ ಓಡಿ ಬಂದರು. “ಬಿದ್ಲು ನೋಡಲೇ ನಿನ್ನ ಜಡಿಯವ್ವ!” ಎಂದು ದಾದಾಪೀರ ಕೂಗಿದಾಗ ಅವನ ಕಣ್ಣಲ್ಲಿ ನೀರಿತ್ತು.

ಅಲ್ಲಿಂದ ಪ್ರತಿ ಭಾನುವಾರ ನಾನು ಹಾನಗಲ್ಲಿನಿಂದ ಬಸ್ಸು ಹತ್ತಿ, ಶಿಗ್ಗಾವಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಸೋಲಲು ಹೋಗತೊಡಗಿದೆ. ಸೋಲುವುದೂ ಒಂದು ಕಲೆ, ಸ್ವಾಮಿ. ಒಮ್ಮೆಲೇ ಬಿದ್ದರೆ ಅನುಮಾನ ಬರುತ್ತದೆ. ಎರಡು ಹೊಡೆದು ಮೂರು ತಿನ್ನಬೇಕು. ನಡುನಡುವೆ “ಥೂ ಇದರವ್ವನ!” ಎಂದು ಬೈದುಕೊಳ್ಳಬೇಕು. ನಮ್ಮ ಶಾಲೆಯ ನಾಟಕದಲ್ಲಿ ನನಗೆ ಎಂದೂ ದ್ವಾರಪಾಲಕನಿಗಿಂತ ದೊಡ್ಡ ಪಾತ್ರ ಸಿಕ್ಕಿದ್ದಿಲ್ಲ, ಸವಣೂರಿನಲ್ಲಿ ಮಾತ್ರ ನನ್ನ ನಟನೆಗೆ ಮೇರೆಯಿರಲಿಲ್ಲ. ಹೆಂಡತಿಯ ಮುಂದೆ ಇದನ್ನೆಲ್ಲ ಬಣ್ಣಿಸಿ ಹೇಳಿದರೆ ಆಕೆ ಮೆಚ್ಚಲಿಲ್ಲ. “ಸಣ್ಣ ಮಕ್ಕಳನ್ನ ಆಡಿಸಿದಂಗ ಗೆಳ್ಯಾನ್ನ ಆಡಸಾಕತ್ತೀರಿ. ಗೊತ್ತಾದ್ರ ಏನ್ ಮಾಡ್ತೀರಿ?” ಎಂದಳು. ಗೊತ್ತಾಗುವುದಿಲ್ಲ ಎಂದು ನಾನು ಖಾತ್ರಿಯಿಂದ ಹೇಳಿದೆ.

ಎರಡು ತಿಂಗಳು ಕಳೆದಿರಬೇಕು, ಒಂದು ಮಧ್ಯಾಹ್ನ ವೈನಿ ಶಾಲೆಯ ಹೊತ್ತಿನಲ್ಲಿ ಫೋನ್ ಮಾಡಿದರು. ಬಂಕಾಪುರದ ಒಬ್ಬ ಹಳೆಯ ಗಿರಾಕಿಯ ಮಗನ ಮದುವೆಯಿತ್ತು. ದಾದಾಪೀರ ತಾನೇ ಅವರಿಗೆ ಹೇಳಿಕಳಿಸಿ, ಕೈ ಬಂದಿದೆ, ಮದುಮಗನ ಶೇರ್ವಾನಿ ನಾನೇ ಹೊಲಿಯುತ್ತೇನೆ ಎಂದು ಅರಿವೆ ತರಿಸಿಕೊಂಡಿದ್ದನಂತೆ. ವೈನಿ ಬೇಡವೆಂದರೆ, “ಮಾಸ್ತರನಂಥಾ ಮಾಸ್ತರನ್ನ ಹೊತ್ತೊಗ್ಯಾಕತ್ತೇನಿ, ಕತ್ರಿ ಹಿಡ್ಯಾಕ ಬರೂದಿಲ್ಲೇನು?” ಎಂದನಂತೆ. ಭುಜದ ತಿರುವಿನಲ್ಲಿ ಕತ್ತರಿ ಜಾರಿ ಎದೆಯ ತನಕ ಹರಿದುಕೊಂಡು ಹೋಗಿತ್ತು. ಗಿರಾಕಿ ಒಂದು ಮಾತೂ ಆಡದೆ ಆ ತುಂಡುಗಳನ್ನು ಅಚ್ಚುಕಟ್ಟಾಗಿ ಮಡಚಿಕೊಂಡು, ಸಲಾಂ ಹೇಳಿ ಹೋದರಂತೆ. “ಬೈದಿದ್ರ ಚಲೋ ಇತ್ರಿ ಮಾಸ್ತರ,” ಎಂದರು ವೈನಿ. ನಾನು ಅರ್ಧ ದಿನದ ರಜೆ ಬರೆದು ಕೊಟ್ಟು ಬಸ್ಸು ಹತ್ತಿದೆ.

ದಾದಾಪೀರ ಹೊಲಿಗೆಯಂತ್ರದ ಮುಂದೆ ಸುಮ್ಮನೆ ಕುಳಿತಿದ್ದ. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಸುಳ್ಳೇ ಸೋತೆ, ಈ ಎರಡು ತಿಂಗಳೂ ಸುಳ್ಳೇ ಸೋತೆ, ನಿನ್ನ ಮೋರೆ ನೋಡಲಾಗಲಿಲ್ಲ ಎಂದೆ. ಅವನು ಕೂಗಾಡಲಿಲ್ಲ.

“ನೀ ತಂದ ಆ ಹೊಸಾ ಆಟ ಯಾಕ ಬ್ಯಾಡ ಅಂದೆ, ಗೊತ್ತೈತೇನು? ಅದರಾಗ ಸೋತ್ರ ಆಟ ಬರೂದಿಲ್ಲ ಅಂತ ಸಮಾಧಾನ ಮಾಡ್ಕೋಬಹುದಾಗಿತ್ತು. ಬೋಳ್ಯಾನ ಆಟದಾಗ ಹಂಗ ಅನ್ನಾಕ ಬರೂದಿಲ್ಲ. ನನ್ನ ಕೈ ಎಷ್ಟಿತ್ತು, ಈಗ ಎಷ್ಟೈತಿ, ಅದೊಂದಕ್ಕ ಗೊತ್ತು. ಡಾಕ್ಟರಮ್ಮ ಬಂದೀತು ಅಂತಾಳ, ಶಾಹಿದಾ ಬಂದೈತಿ ಅಂತಾಳ, ಎಲ್ಲಾರೂ ಮನಸ್ಸು ನೋಯಬಾರದಂತ ನನ್ನ ಸಂಬಾಳಸ್ತಾರ. ಜಡಿಯವ್ವ ಒಬ್ಬಾಕಿ ಸಂಬಾಳಸೂದಿಲ್ಲ ಅನ್ಕೊಂಡಿದ್ದೆ. ನೀ ಅಕೀನೂ ಕೆಡಿಸಿದೆಲ್ಲೋ.”

ವೈನಿ ಚಹಾ ತಂದಿಟ್ಟರು, ಅದು ಆರಿಹೋಯಿತು. ಕಡೆಗೆ ಅವನೇ, “ಹಚ್ಚು. ಇವತ್ತ ಖರೇ ಆಡು,” ಎಂದ. ಆಡಿದೆ. ಹನ್ನೊಂದು ಆಟ, ಹನ್ನೊಂದನ್ನೂ ನಾನೇ ಗೆದ್ದೆ. ಬೋಳ್ಯಾನನ್ನು ಕೆಡವಬೇಕೆಂದು ಶಿಗ್ಗಾವಿಯ ದಿನಗಳಿಂದ ಹಂಬಲಿಸಿದವನು ನಾನು. ಬೋಳ್ಯಾ ಬಿದ್ದುಕೊಂಡಿದ್ದರೆ ನಾನು ಆರಿದ ಚಹಾ ಎತ್ತಿ ಗಟಗಟನೆ ಕುಡಿದೆ. ದಾದಾಪೀರ ಮಾತ್ರ ತಲೆಯಾಡಿಸಿ, “ಈಗ ಗೊತ್ತಾತು,” ಎಂದ. ಮಾರನೆಯ ದಿನದಿಂದ ಅಂಗಡಿಯಲ್ಲಿ ಕತ್ತರಿ ವೈನಿಯ ಕೈಗೆ ಹೋಯಿತು. ಅವನು ಪಕ್ಕದಲ್ಲಿ ಕುಳಿತು ಅಳತೆ ಹೇಳುತ್ತಾನೆ, ಅವರು ಕತ್ತರಿಸುತ್ತಾರೆ. ಮೂಲೆಗೆ ಸರಿದಿದ್ದ ಕಡಲೆ ಬಟ್ಟಲು ತಾನಾಗಿ ಮುಂದೆ ಬಂತು.

ನಾನು ಭಾನುವಾರ ತಪ್ಪಿಸಲಿಲ್ಲ. ಖರೇ ಆಡಿದೆ, ಖರೇ ಗೆದ್ದೆ, ಗೆದ್ದಾಗಲೆಲ್ಲ ಶಿಗ್ಗಾವಿಯ ತನಕ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಕುಳಿತೆ. ಹೀಗೆ ಏಳು ತಿಂಗಳಾದ ಮೇಲೆ, ಮೊನ್ನೆಯ ಭಾನುವಾರ, ಜಡಿಯವ್ವ ಜಿಗಿದು ಒದೆಯಲು ಹೋದವಳು ಗಾಳಿಯಲ್ಲಿರುವಾಗಲೇ ಬೋಳ್ಯಾ ಹಿಡಿದ. ಮೂರು ಗುಂಡಿಗಳ ಸದ್ದು ಟಕಟಕಟಕ ಎಂದು ನನ್ನ ಕಿವಿಗೆ ಬಿತ್ತು. ಎತ್ತಿದ, ಒಗೆದ. ನಾನು ಮೈಯೆಲ್ಲ ಕೈಯಾಗಿ ಆಡಿದ್ದೆ. ಮನಸ್ಸಿನಲ್ಲಿ ಒಂದಿಷ್ಟೂ ಕಳ್ಳತನವಿರಲಿಲ್ಲ. “ದಾದಾ! ಬಂತಲೋ ಕೈ!” ಎಂದು ಎದ್ದು ಕುಣಿದೇಬಿಟ್ಟೆ.

ಅವನು ರಿಮೋಟು ಕೆಳಗಿಟ್ಟ. “ಮಾಸ್ತರ, ಮತ್ತ ಶುರು ಮಾಡಿದೆಲ್ಲೋ?”

“ನನ್ನ ಮಕ್ಕಳಾಣಿ, ಖರೇನ ಸೋತೆ!”

“ಮಕ್ಕಳ ಮ್ಯಾಲ ಆಣಿ ಇಡಬ್ಯಾಡ. ಕುಂದ್ರು. ಇನ್ನೊಂದ್ ಆಟ ಆಡು, ಖರೇ ಆಡು.”

ಕುಳಿತೆ. ಸೋಲಬೇಕೆನ್ನಿಸಿತು, ಆದರೆ ಸೋತರೆ ಅದು ಸುಳ್ಳಾಗುತ್ತಿತ್ತು. ಹಲ್ಲು ಕಚ್ಚಿ ಆಡಿದೆ. ಅವನ ಹೆಬ್ಬೆರಳು ದಣಿದಿತ್ತೇನೋ, ಮೂರನೇ ಗುಂಡಿ ತಪ್ಪಿತು, ನಾನು ಗೆದ್ದೆ. “ನೋಡಿದೆ? ಇದು ಖರೇ ಆಟ,” ಎಂದು ದಾದಾಪೀರ ಸಮಾಧಾನದಿಂದ ನಕ್ಕು, ನನ್ನ ಬೆನ್ನು ತಟ್ಟಿದ. ತಟ್ಟಿದ್ದು ಎಡಗೈಯಿಂದ.

ಹಾನಗಲ್ಲಿಗೆ ಬಂದು ಕಾಲು ತೊಳೆಯುತ್ತ, ಮನಸ್ಸು ತಡೆಯದೆ ಹೆಂಡತಿಗೆ, “ಇವತ್ತ ದಾದಾನ ಕೈಯಾಗ ಸೋತೆ,” ಎಂದೆ. ಆಕೆ ಟವೆಲ್ಲು ಕೊಟ್ಟಳು.

“ಮತ್ತ ಬೇಕಂತನ ಸೋತ್ರೇನು?”