ಕೆಂಪು ಚಿನ್ನದ ತಪಾಸಣೆ

ಸರ್ಕಾರದ ಚಿನ್ನ ಯಾವ ಬಣ್ಣದಲ್ಲಿದ್ದರೂ ಸರ್ಕಾರದ್ದೇ ಎಂಬುದು ಕುದಾಪುರದಾಚೆಯ ಬೆಳಕು-ಲೋಹ ಸಂಶೋಧನಾಲಯದ ಮೂಲ ನಿಯಮ. ವಿಜ್ಞಾನಿ ಮಾಲತಿಗೆ ಇದು ತಿಳಿದಿರಲಿಲ್ಲ. ಪಾಪ, ಆಕೆಗೆ ಗೊತ್ತಿದ್ದದ್ದು ವಿಜ್ಞಾನ ಮಾತ್ರ.

ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ಲಕ್ಷ್ಮಕ್ಕನ ಬಾವಿಗೆ ಬಣ್ಣದ ನೀರು ಇಳಿದು, ಬಾವಿಯೆಲ್ಲ ಕೆಂಪಾಗಿತ್ತು. "ಕುರೀನೂ ಮೂಸಲ್ಲ ಕಣವ್ವ. ಕುಡಿಯೋ ಹಂಗೆ ಮಾಡಿಕೊಡು, ನಿನ್ನ ಹೆಸರು ಹೇಳ್ಕೊಂಡು ಬದುಕ್ತೀವಿ," ಎಂದು ಆಕೆ ಕೈಮುಗಿದಾಗ ಮಾಲತಿ ಒಪ್ಪಿಕೊಂಡಳು. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳನ್ನು ಗಾಜಿನ ಬಿಲ್ಲೆಗೆ ಅಂಟಿಸಿ, ಬಾವಿಯ ನೀರಿನಲ್ಲಿಟ್ಟು ಬೆಳಕು ಬಿಟ್ಟರೆ, ಆ ಕಣಗಳು ಬಣ್ಣವನ್ನು ಒಡೆದುಹಾಕುತ್ತವೆಂದು ಆಕೆ ಕಂಡುಕೊಂಡಳು.

ಅದನ್ನು ಪರೀಕ್ಷಿಸುವ ದಿನವೇ ದಾಸ್ತಾನು ತಪಾಸಣಾಧಿಕಾರಿ ಹನುಮಂತರಾಯರು ಬಂದರು.

"ಚಿನ್ನ ಎಲ್ಲೈತಮ್ಮ?"

"ಈ ಪಾತ್ರೆಯೊಳಗೆ, ಬಿಲ್ಲೆ ಮೇಲಿದೆ ಸರ್."

"ಹಳದಿ ಏನೂ ಕಾಣ್ತಿಲ್ವಲ್ಲ?"

"ಇಷ್ಟು ಸಣ್ಣದಾದ್ರೆ ಚಿನ್ನ ಕೆಂಪಗಿರುತ್ತೆ ಸರ್."

ರಾಯರು ಪಾತ್ರೆಯ ತುಂಬ ಇದ್ದ ಬಾವಿಯ ಕೆಂಪು ನೀರನ್ನು ಭಕ್ತಿಯಿಂದ ನೋಡಿದರು. ಇಷ್ಟೊಂದು ಚಿನ್ನವನ್ನು ಅವರು ಚಳ್ಳಕೆರೆಯ ಅಂಗಡಿಗಳಲ್ಲೂ ಕಂಡಿರಲಿಲ್ಲ. ಮಾಲತಿ ದೀಪ ಹಾಕಿದಳು. ರಾಯರು ಊಟ ಮುಗಿಸಿ ಬರುವಷ್ಟರಲ್ಲಿ ನೀರು ತಿಳಿಯಾಗಿತ್ತು.

"ಅಯ್ಯಯ್ಯೋ! ನಾನು ಊಟಕ್ಕೆ ಹೋದದ್ದೇ ತಡ, ಖಾಲಿ ಮಾಡಿಬಿಟ್ರಲ್ಲಮ್ಮ!"

"ಹೋಗಿದ್ದು ಬಣ್ಣ ಸರ್, ಚಿನ್ನ ಅಲ್ಲ!"

"ಚಿನ್ನ ಕೆಂಪಗಿರುತ್ತೆ ಅಂದೋರು ಯಾರು? ನೀವೇ ತಾನೆ?"

ಸಂಜೆಯೊಳಗೆ ಆದೇಶ ಹೊರಬಿತ್ತು: "ಬೆಳಕು ತಗುಲಿ ಚಿನ್ನ ನಷ್ಟವಾಗುವುದು ಕಂಡುಬಂದಿರುವುದರಿಂದ, ಸಂಶೋಧನಾಲಯದೊಳಗೆ ಬೆಳಕನ್ನು ಈ ಮೂಲಕ ನಿಷೇಧಿಸಲಾಗಿದೆ. ಕಿಟಕಿಗಳು ಸಹಕರಿಸತಕ್ಕದ್ದು. ಕೊರತೆಯನ್ನು ಸದರಿ ವಿಜ್ಞಾನಿಯೇ ಭರಿಸತಕ್ಕದ್ದು; ತಪ್ಪಿದಲ್ಲಿ ವಜಾ."

ಮಾಲತಿ ವಾದಿಸಿದಳು, ಅತ್ತಳು. ಕೊನೆಗೆ ರೋಸಿಹೋಗಿ ಲಕ್ಷ್ಮಕ್ಕನ ಬಾವಿಯಿಂದ ಒಂದು ಕೊಡ ನೀರು ತಂದು ರಾಯರ ಮುಂದೆ ಕುಕ್ಕಿದಳು. ರಾಯರು ಬಗ್ಗಿ ನೋಡಿ, ಹೋದದ್ದಕ್ಕಿಂತ ಜಾಸ್ತಿಯೇ ಬಂದಿದೆಯೆಂದು ಸಹಿ ಹಾಕಿ, ಎಲ್ಲಿಂದ ತಂದಿರೆಂದು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮಾಲತಿ ನಿಜವನ್ನೇ ಹೇಳಿಬಿಟ್ಟಳು.

ಮರುದಿನ ಬಾವಿಗೆ ಕಬ್ಬಿಣದ ಮುಚ್ಚಳ, ಬೀಗ, ಬಂದೂಕಿನ ಕಾವಲು ಬಂದವು. ಸದರಿ ನೀರನ್ನು ಶುದ್ಧಗೊಳಿಸುವುದು ಕಳ್ಳತನವೆಂದು ಫಲಕ ನಿಂತಿತು. ಗಣಿ ಪತ್ತೆ ಮಾಡಿದ್ದಕ್ಕೆ ಮಾಲತಿಗೆ ಬಡ್ತಿ ಸಿಕ್ಕಿತು. ಆಕೆ ಮುಖ ಎತ್ತಲಾರದೆ ಮೊಳಕಾಲ್ಮೂರಿಗೆ ಹೋದಳು.

"ತಪ್ಪಾಯ್ತು ಲಕ್ಷ್ಮಕ್ಕ. ನಿಮ್ಮ ನೀರು..."

"ಮೆಲ್ಲಗೆ ಮಾತಾಡವ್ವ, ಕಾವಲಿನೋರು ಕೇಳಿಸ್ಕೊಂಡಾರು," ಎಂದು ಲಕ್ಷ್ಮಕ್ಕ ಖಾಲಿ ಕೊಡ ಸೊಂಟಕ್ಕೇರಿಸಿ ಪಕ್ಕದ ಬೀದಿಯ ನಲ್ಲಿಗೆ ಹೊರಟಳು. "ಇಷ್ಟು ವರ್ಸ ಆ ನೀರ್ನಾಗೆ ಪಾತ್ರೆ ತೊಳ್ದು ಸರ್ಕಾರದ್ದು ಎಷ್ಟು ಚಿನ್ನ ಚೆಲ್ಲಿದ್ವೋ, ಪಾಪಿಗಳು ನಾವು!"