ಹಸಿ ಐತಿ, ಮುಟ್ಟಬ್ಯಾಡ್ರಿ

ಬಣ್ಣ ಕಣ್ಣಿಗೆ ಕಾಣದೆ ಹೋದದ್ದೇ ಆ ದಿನದ ಸಕಲ ತಾಪತ್ರಯಕ್ಕೂ ಮೂಲ. ಅದು ಕೆಂಪೋ ನೀಲಿಯೋ ಆಗಿದ್ದರೆ ಗೂಡುಸಾಬ ತನ್ನ ಪಾಡಿಗೆ ತಾನಿರುತ್ತಿದ್ದ, ಜನ ತಮ್ಮ ಪಾಡಿಗೆ ತಾವಿರುತ್ತಿದ್ದರು.

ಕೊಂಕಣ ರೈಲಿಗೆ ಇನ್ನೂ ಹಳಿ ಹಾಸುತ್ತಿದ್ದ ಕಾಲ ಅದು. ಮಡಗಾಂವದ ಹೊರಗೆ ಸಿಕ್ವೇರಾ ಸಾಹೇಬರದೊಂದು ಫೈಬರ್ ಶೆಡ್ಡಿತ್ತು. ದೋಣಿ, ನೀರಿನ ಟಾಕಿ, ಸ್ಕೂಟರಿನ ಡಬ್ಬಿ, ಅಚ್ಚಿನಲ್ಲಿ ಹುಟ್ಟಬಹುದಾದ ಎಲ್ಲವೂ ಅಲ್ಲಿ ಹುಟ್ಟುತ್ತಿದ್ದವು. ಸಿಂದಗಿ ಕಡೆಯಿಂದ ಬಂದು ಮೋತಿ ಡೊಂಗರ್ ಗುಡ್ಡದ ಮೇಲೆ ಸಂಸಾರ ಹೂಡಿದ ಗೂಡುಸಾಬ ಅಲ್ಲಿ ರೆಜಿನ್ ಎಂಬ ಅಂಟು ಕಲಸುತ್ತ, ಬಕೆಟ್ಟು ತೊಳೆಯುತ್ತ ವರ್ಷಗಳನ್ನು ಕಳೆದಿದ್ದ. ಕಣ್ಣು ಮಾತ್ರ ಮೊದಲ ದಿನದಿಂದಲೂ ಸ್ಪ್ರೇ ಗನ್ನಿನ ಮೇಲೆ. ಬಕೆಟ್ಟು ತೊಳೆಯುವವನನ್ನು ಜನ ‘ಏ’ ಎಂದು ಕರೆಯುತ್ತಾರೆ, ಗನ್ನು ಹಿಡಿದವನನ್ನು ‘ಮಿಸ್ತ್ರಿ’ ಎನ್ನುತ್ತಾರೆ. ಒಂದು ಸಲ ಮಿಸ್ತ್ರಿ ಎನ್ನಿಸಿಕೊಂಡರೆ ಸಾಕು, ಆಮೇಲೆ ಸತ್ತರೂ ಚಿಂತೆಯಿಲ್ಲ ಎಂಬಷ್ಟು ಆಸೆ ಅವನಿಗೆ.

ಗನ್ನು ಹಿಡಿಯುತ್ತಿದ್ದ ಥಾವರಪ್ಪ ಅದಿರಿನ ಲಾರಿಗಳಿಗೆ ಬಣ್ಣ ಹೊಡೆಯಲು ಕುಡಚಡೆಗೆ ಹೊರಟುಹೋದ. ಅದೇ ಹೊತ್ತಿಗೆ ಕೋಲ್ವಾ ಬೀಚಿನ ಹೊಟೇಲಿನಿಂದ ಕೌಂಟರಿನ ಆರ್ಡರು ಬಂತು. ಅದರೊಳಗೆ ಸಮುದ್ರದ ಚಿಪ್ಪುಗಳು ತಿಳಿನೀರಿನಲ್ಲಿ ಬಿದ್ದಿರುವಂತೆ ಕಾಣಬೇಕಂತೆ. ಕೆಲಸಗಾರರ ಜೊತೆ ಇದ್ದು ಇದ್ದು ಕನ್ನಡ ಕಲಿತಿದ್ದ ಸಾಹೇಬರು ಗೂಡುಸಾಬನನ್ನು ಕರೆದರು.

“ಗೂಡು, ಇವತ್ತ ಗನ್ ನೀ ಹಿಡಿ. ಕೌಂಟರ್ ಚಲೋ ಬಂತಂದ್ರ ನಾಳಿಂದ ಗನ್ ನಿಂದ. ಒಂದ ಬೆರಳಿನ ಗುರ್ತ ಬಿತ್ತಂದ್ರ ಮತ್ತ ಬಕೆಟ್.”

ಅಚ್ಚಿನ ಕೆಲಸವೆಲ್ಲ ತಿರುಗುಮುರುಗು. ಬಾಗಿಲಿಗೋ ಮೇಜಿಗೋ ಕೊನೆಯಲ್ಲಿ ಬಳಿಯುವ ಮೆರುಗನ್ನು ಇಲ್ಲಿ ಎಲ್ಲಕ್ಕಿಂತ ಮೊದಲು ಹೊಡೆಯಬೇಕು. ಮೇಣ ತಿಕ್ಕಿದ ಅಚ್ಚಿನೊಳಗೆ ಆ ಪಾರದರ್ಶಕ ಬಣ್ಣದ ಕೋಟು, ಅದರ ಮೇಲೆ ಬೋರಲಾಗಿ ಚಿಪ್ಪು, ಆಮೇಲೆ ರೆಜಿನ್, ಫೈಬರ್ ಹಾಸು. ಎಲ್ಲ ಗಟ್ಟಿಯಾದ ಮೇಲೆ ಕಿತ್ತು ಮಗುಚಿದರೆ, ಮೊದಲು ಹೊಡೆದದ್ದೇ ಮೇಲಕ್ಕೆ ಬರುತ್ತದೆ. ಹಸಿಯಿದ್ದಾಗ ಯಾರಾದರೂ ಬೆರಳಿಟ್ಟರೆ ಆ ಬೆರಳು ಹೊಟೇಲು ಇರುವ ತನಕ ಅಲ್ಲೇ ಇರುತ್ತದೆ.

ಗೂಡುಸಾಬ ಬಿಸ್ಮಿಲ್ಲಾ ಎಂದು ಗನ್ನು ಎತ್ತಿದ. ತೀರ ತೆಳುವಾದರೆ ಸುಕ್ಕು, ದಪ್ಪವಾದರೆ ಬಿರುಕು. ಉಸಿರು ಬಿಗಿಹಿಡಿದು ಆ ಕಡೆಯಿಂದ ಈ ಕಡೆಗೆ ಒಂದೇ ಸಮನೆ ಕೈ ಆಡಿಸಿದ. ಮುಗಿದಾಗ ಅವನ ಕಣ್ಣಲ್ಲಿ ನೀರು. ಅರ್ಧ ರೆಜಿನ್ನಿನ ಘಾಟಿಗೆ, ಅರ್ಧ ಸಂತೋಷಕ್ಕೆ.

“ನಾ ಹೊಟೇಲಿನವ್ರನ್ನ ಕರಕೊಂಡ ಬರ್ತೇನಿ,” ಎಂದರು ಸಾಹೇಬರು. “ಬಂದ ಮ್ಯಾಲೆ ಕತ್ತರಿಸಿ ಒಗಿಯೂ ಅಂಚಿನಾಗ ನಾನ ಬೆರಳಿಟ್ಟ ನೋಡ್ತೇನಿ. ಅಲ್ಲೀತನ ದೇವ್ರ ಬಂದ್ರೂ ಮುಟ್ಟಗೊಡಬ್ಯಾಡ.”

ಅವರ ಜೀಪು ಹೊರಬಿದ್ದ ಮರುಗಳಿಗೆಗೆ, ಹಾಸಿನ ಮೇಲೆ ರೋಲರ್ ಉರುಳಿಸುವ ಗಣಪ್ಪ ಬಂದು ಅಚ್ಚಿನೊಳಗೆ ಬಗ್ಗಿದ.

“ಹೊಡದಿಯೋ ಇಲ್ಲೋ? ಮುಂಜಾನಿ ಹೆಂಗಿತ್ತೋ ಹಂಗ ಐತಲ್ಲೋ ಗೂಡ್ಯಾ.”

“ಹೊಡದೇನಿ. ಕಾಣೂದಿಲ್ಲ ಅದು. ಕಾಣಬಾರದಂತನ ಹೊಡೆಯೂದು.”

“ಕಾಣದ್ದನ್ನ ಯಾಕ ಹೊಡೀಬೇಕು? ತಡಿ, ಒಂದೀಟ ಮುಟ್ಟಿ ನೋಡ್ತೇನಿ.”

ಗೂಡುಸಾಬ ಅವನ ಬೆರಳನ್ನು ಗಾಳಿಯಲ್ಲೇ ಹಿಡಿದು, ಮೈಯನ್ನೂ ಹಿಂದೆಯೇ ಎಳೆದುಕೊಂಡು ಹೋಗಿ ಹೊರಗೆ ಬಿಟ್ಟು ಬಂದ. ಗಣಪ್ಪ ಸುಮ್ಮನಿರುವ ಪೈಕಿಯಲ್ಲ. ಗೂಡುಸಾಬ ಬರೀ ಗಾಳಿ ಹೊಡೆದು ಕಾವಲು ಕೂತಿದ್ದಾನೆಂದು ಪಕ್ಕದ ಐಸ್ ಫ್ಯಾಕ್ಟರಿಯಲ್ಲಿ ಡಂಗುರ ಸಾರಿದ. ಕೆಲಸ ಬಿಟ್ಟು ನೋಡುವಂಥದ್ದು ಸಿಕ್ಕರೆ ಯಾರು ಬಿಡುತ್ತಾರೆ? ಶೆಡ್ಡು ತುಂಬಿತು.

ಗೂಡುಸಾಬ ಅಚ್ಚಿನ ಸುತ್ತ ಹಗ್ಗ ಕಟ್ಟಿದ. ಜನ ಹಗ್ಗದ ಮೇಲೆ ಒರಗಿ ನಿಂತರು. ರಟ್ಟಿನ ಮೇಲೆ ಇದ್ದಿಲಿನಿಂದ ‘ಹಸಿ ಐತಿ, ಮುಟ್ಟಬ್ಯಾಡ್ರಿ’ ಎಂದು ಬರೆದು ತೂಗುಹಾಕಿದ. ಓದಬಲ್ಲವರಿಗೆ ನಿಜವಾಗಿ ಹಸಿ ಇದೆಯೇ ಎಂದು ನೋಡುವ ಆಸೆ ಹುಟ್ಟಿತು. ಓದಲು ಬಾರದವರು ಏನು ಬರೆದಿದೆ ಎಂದು ಕೇಳಲು ಇನ್ನಷ್ಟು ಹತ್ತಿರ ಬಂದರು.

ಅಷ್ಟರಲ್ಲಿ ಗಂಗೀಬಾಯಿ ಬಂದಳು. ಬೀಚಿನಲ್ಲಿ ಸರ, ಕನ್ನಡಿ ಚೀಲ ಮಾರುವವಳು, ಕೌಂಟರಿನ ಚಿಪ್ಪುಗಳನ್ನೆಲ್ಲ ಆಯ್ದು ತಂದವಳು. “ನನ್ನ ಚಿಪ್ಪ ಮಲಗೂ ಜಾಗಾ ನಾ ನೋಡಬಾರದೇನ ಅಣ್ಣಾ?” ಎಂದು ಮೊಣಕೈ ತನಕ ಬಳೆ ತೊಟ್ಟ ತೋಳನ್ನು ಅಚ್ಚಿನ ಮೇಲೆ ಚಾಚಿದಳು.

“ಗಂಗಕ್ಕಾ, ನಿನ್ನ ಕಾಲಿಗೆ ಬೀಳ್ತೇನಿ, ಕೈ ಹಿಂದ ತಗಿ. ನನ್ನ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ.”

ಅವಳು ಮುನಿಸಿಕೊಂಡು ಹಿಂದೆ ಸರಿದಳು. ನೊಣಗಳಿಗೆ ಆ ಮರ್ಯಾದೆಯೂ ಇರಲಿಲ್ಲ. ಗೂಡುಸಾಬ ಟವೆಲು ಬೀಸುತ್ತ ಅಚ್ಚಿನ ಸುತ್ತ ಒಂದೇ ಸಮನೆ ಸುತ್ತತೊಡಗಿದ. ತನ್ನ ಮದುವೆಯಲ್ಲೂ ಅವನು ಅಷ್ಟು ಕುಣಿದಿರಲಿಲ್ಲ. ಐಸ್ ಫ್ಯಾಕ್ಟರಿಯವರು ಚಪ್ಪಾಳೆ ತಟ್ಟಿ ತಾಳ ಹಾಕಿದರು.

ಚಪ್ಪಾಳೆ ಒಮ್ಮೆಗೇ ನಿಂತಿತು. ಬಾಗಿಲಲ್ಲಿ ಕಪ್ಪು ಕೊಡೆ ಊರಿಕೊಂಡು ಸಾಹೇಬರ ತಾಯಿ ನಿಂತಿದ್ದರು. ಎಲ್ಲರ ಬಾಯಲ್ಲೂ ಅವರು ‘ಮಾಯ್’. ಮೀನಿನ ಕಿವಿರು ಎತ್ತಿ ನೋಡದೆ, ಪಾವ್ ಬ್ರೆಡ್ಡನ್ನು ಒತ್ತಿ ನೋಡದೆ ಜನ್ಮದಲ್ಲಿ ಏನನ್ನೂ ಕೊಂಡವರಲ್ಲ. ಸಾಹೇಬರೇ ಅವರನ್ನು ಕಂಡರೆ ಸೇದುತ್ತಿದ್ದ ಸಿಗರೇಟು ನುಂಗುತ್ತಿದ್ದರು.

“ಕಿತೆಂ ರೇ ಹೆಂ?” ಇದೇನೋ ಎಂದು ಕೇಳುತ್ತಲೇ ಮಾಯ್ ಹಗ್ಗವನ್ನು ಕೊಡೆಯಿಂದ ಎತ್ತಿ ಒಳಗೆ ಬಂದರು. ತೋರುಬೆರಳು ಹದ್ದಿನಂತೆ ಇಳಿಯತೊಡಗಿತು. ಯಜಮಾನಿಯ ಕೈ ಹಿಡಿದರೆ ಕೆಲಸ ಹೋಯಿತು, ಹಿಡಿಯದಿದ್ದರೆ ಗನ್ನು ಹೋಯಿತು. ಪಕ್ಕದಲ್ಲೇ ಚಹದಂಗಡಿಯ ಹುಸೇನಸಾಬ ಚಹ-ಪಾವಿನ ಟ್ರೇ ಹಿಡಿದು ಬಾಯಿ ತೆರೆದು ನಿಂತಿದ್ದ. ಗೂಡುಸಾಬ ಒಂದು ಗ್ಲಾಸು ಕಿತ್ತುಕೊಂಡು ಆ ಬೆರಳಿನ ಕೆಳಗೇ ಹಿಡಿದ.

“ಚಹಾ ತಗೋರಿ ಮಾಯ್.”

ಬೆರಳು ಬೇರೆ ದಾರಿಯಿಲ್ಲದೆ ಗ್ಲಾಸಿಗೆ ಸುತ್ತಿಕೊಂಡಿತು. ಮಾಯ್ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ ಇನ್ನೊಂದು ಕೈ ಎತ್ತುವುದರೊಳಗೆ ಅದರಲ್ಲಿ ಪಾವ್ ಕೂತಿತ್ತು. ಗೂಡುಸಾಬನಿಗೆ ಜ್ಞಾನೋದಯವಾಯಿತು. ಕೈ ತುಂಬಿದವನು ಬೆರಳು ಹಾಕಲಾರ.

“ಹುಸೇನಸಾಬ, ಎಲ್ಲಾರಿಗೂ ಕೊಡು. ಒಂದ ಕೈಯಾಗ ಚಹಾ, ಒಂದ ಕೈಯಾಗ ಪಾವ್. ನನ್ನ ಹೆಸರಿಗೆ ಬರಿ.”

ಗ್ಲಾಸು ಬರಿದಾದರೆ ಮತ್ತೆ ತುಂಬಿಸಿದ. “ಹೊಟ್ಟಿ ತುಂಬೇತೋ,” ಎಂದ ಗಣಪ್ಪ.

“ಕುಡೀ ಅಂತ ಯಾರಂದ್ರು? ಹಿಡಕೊಂಡ ಕುಂದರು.”

ಸಾಹೇಬರು ಹೊಟೇಲಿನ ಧಣಿಯನ್ನು ಕರೆತಂದಾಗ ಶೆಡ್ಡಿನಲ್ಲಿ ಅರ್ಧ ಮಡಗಾಂವ ಚಹ-ಪಾವ್ ಹಿಡಿದು ಸಾಲಾಗಿ ಕೂತಿತ್ತು, ನಟ್ಟನಡುವೆ ಮಾಯ್. ಸಾಹೇಬರು ನೇರ ಹೋಗಿ ಅಂಚಿಗೆ ಬೆರಳೊತ್ತಿದರು. ಬೆರಳಿಗೆ ಜಿಗುಟು ಹತ್ತಿತು, ಆದರೆ ಏನೂ ಅಂಟಿ ಬರಲಿಲ್ಲ. ಹದ ಸರಿಯಾಗಿತ್ತು. ಚಿಪ್ಪುಗಳು ಕೂತವು, ಹಾಸು ಬಿತ್ತು. ಮೇ ತಿಂಗಳ ಬಿಸಿಲು ಉಳಿದದ್ದನ್ನು ನೋಡಿಕೊಂಡಿತು.

ಸಂಜೆ ಬೆಣೆ ಬಡಿದು ಎತ್ತಿ ಮಗುಚಿದರು. ಎಲ್ಲೂ ಒಂದು ಗುಳ್ಳೆಯಿಲ್ಲ, ಗುರುತಿಲ್ಲ. ಕೈಯದ್ದಿದರೆ ಒದ್ದೆಯಾದೀತು ಎಂಬಂಥ ನೀರು, ಅದರ ತಳದಲ್ಲಿ ಗಂಗೀಬಾಯಿಯ ಚಿಪ್ಪುಗಳು. ಅವಳೂ ಮುನಿಸು ಮರೆತು ನಕ್ಕಳು. ಗೂಡುಸಾಬನಿಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ.

ಮಾಯ್ ಮಗನನ್ನು ಮೂಲೆಗೆ ಕರೆದು ಕೊಂಕಣಿಯಲ್ಲಿ ಬಹಳ ಹೊತ್ತು ಏನೋ ಹೇಳಿದರು. ಸಾಹೇಬರು ತಲೆಯಾಡಿಸುತ್ತ ಬಂದು ಗೂಡುಸಾಬನ ಹೆಗಲ ಮೇಲೆ ಕೈಯಿಟ್ಟರು.

“ಗೂಡು, ಮಾಯ್ ಹೇಳ್ತಾಳ, ಆಕಿ ಕೈ ತಡದವ ಇಲ್ಲೀತನ ಒಬ್ಬನೂ ಇದ್ದಿಲ್ಲಂತ. ನಮ್ಮಪ್ಪ ಸುದ್ದಾ. ಗನ್ ಯಾರರ ಹೊಡೀತಾರ, ಇಂಥಾ ಕಾವಲು ಯಾರ ಕಾಯ್ತಾರ? ಈ ಗಳಿಗಿಯಿಂದ ನೀನ ನಮ್ಮ ವಾಚ್‌ಮನ್.”

“ಮತ್ತ ಗನ್ನು ಸಾಹೇಬ್ರ?” ಗೂಡುಸಾಬ ಕೇಳಿದ.

“ಗಣಪ್ಪಗ. ಅವನ ಬೆರಳು ಸುಮ್ಮ ಇರೂದಿಲ್ಲ ನೋಡು. ಟ್ರಿಗರ್ ಮ್ಯಾಲಿದ್ರ ಬ್ಯಾರೆ ಕಡೆ ಹೋಗೂದಿಲ್ಲ.”

ಎರಡು ಅಳತೆ ದೊಡ್ಡದಾದ ಖಾಕಿ ಅಂಗಿ ತೊಟ್ಟು ಗೂಡುಸಾಬ ಗೇಟಿಗೆ ಹೋಗಿ ನಿಂತ. ಒಳಗೆ ಜನ ಗಟ್ಟಿಯಾದ ಕೌಂಟರನ್ನು ಮನಸಾರೆ ಸವರುತ್ತಿದ್ದರು. ಮೊದಲ ಕೈ ಮಾಯ್‌ದು. “ಗಾಜಿನಂಗ ಐತಿ”, “ಎಷ್ಟ ನುಣ್ಣಗ ಐತಿ” ಎಂಬ ಮಾತು ಗೇಟಿನ ತನಕ ಕೇಳುತ್ತಿತ್ತು. ಇಡೀ ಶೆಡ್ಡಿನಲ್ಲಿ ಅದನ್ನು ಮುಟ್ಟದವನೆಂದರೆ ಅದನ್ನು ಹೊಡೆದವನೊಬ್ಬನೇ ಎಂಬುದು ಆಗ ಅವನಿಗೆ ಹೊಳೆಯಿತು.

ಕೌಂಟರು ಹೇರಿಕೊಂಡ ಟೆಂಪೊ ಗೇಟಿನ ಬಳಿ ನಿಧಾನವಾಯಿತು. ಗೂಡುಸಾಬ ಅತ್ತಿತ್ತ ನೋಡಿ ಮೆಲ್ಲನೆ ಬೆರಳು ಚಾಚಿದ.

“ಏ ವಾಚ್‌ಮನ್,” ಟೆಂಪೊದ ಮೇಲೆ ಕಾಲುಮೇಲೆ ಕಾಲು ಹಾಕಿ ಕೂತಿದ್ದ ಗಣಪ್ಪ ಮಿಸ್ತ್ರಿ ಗದರಿದ, “ಮುಟ್ಟಬ್ಯಾಡ. ಬೆರಳಿನ ಗುರ್ತ ಬೀಳತೈತಿ.”

ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಗೂಡುಸಾಬ ಅದನ್ನು ಹಣೆಗೆ ಹಚ್ಚಿ ಸಲಾಮು ಹೊಡೆದ.